ಅಪ್ಪನ ಸೊಂಟದ ಡಿಸ್ಕ್: ಆಪರೇಷನ್ ಮಾಡಿಸೋದಾ, ಕಾಯೋದಾ? ಅನುಭವ ಇರುವವರು ಹೇಳಿ

ಪಾಂಡವಪುರ ಕಡೆಯಿಂದ, ಕೇಳುತ್ತಿರುವವನು:

ಅಪ್ಪನಿಗೆ 54. ಆಲೆಮನೆ ಕೆಲಸ. ಕಬ್ಬಿನ ಹೊರೆ ಹೊತ್ತು, ಬೆಲ್ಲದ ಮೂಟೆ ಎತ್ತಿ ನಮ್ಮನ್ನು ಸಾಕಿದವರು. ಎರಡೂವರೆ ತಿಂಗಳಿಂದ ಸೊಂಟನೋವು. ಪಿರ್ರೆಯಿಂದ ಹಿಡಿದು ಎಡಗಾಲಿನ ಹೆಬ್ಬೆರಳ ತನಕ ಕರೆಂಟ್ ಹೊಡೆದ ಹಾಗೆ ಇಳಿಯುತ್ತದೆ. ಎಂಆರ್‌ಐ ಮಾಡಿಸಿದೆವು. ಎಲ್ 4–ಎಲ್ 5, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮಣಿಯ ನಡುವಿನ ಮೆತ್ತೆ (ಡಿಸ್ಕ್) ಹೊರಗೆ ಬಂದು ನರ ಒತ್ತಿದೆ ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರು ಆಪರೇಷನ್ ಅಂದರು, ಇನ್ನೊಬ್ಬರು ಇನ್ನೊಂದು ತಿಂಗಳು ನೋಡೋಣ ಅಂದರು. ಊರಿನವರಂತೂ ಬೆನ್ನಿಗೆ ಕತ್ತರಿ ಹಾಕಿಸಿದರೆ ಕಾಲೇ ಹೋಗುತ್ತೆ ಅಂತ ಹೆದರಿಸಿಬಿಟ್ಟಿದ್ದಾರೆ. ಈಗ ಆಸ್ಪತ್ರೆ ಅಂತ ಬಾಯಿ ತೆಗೆದರೆ ಸಾಕು, ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ಏನು ಮಾಡೋದು?

ಮೈಸೂರು ಕುವೆಂಪುನಗರದಿಂದ, ಶಾಲೆ ಟೀಚರ್:

ತಮ್ಮಾ, ನನಗೂ ಅದೇ ಎಲ್ 4–ಎಲ್ 5, ಅದೇ ಎಡಗಾಲು. ಆಗ ನನಗೆ 43. ನೋವು ಎಷ್ಟಿದೆ ಅಂತ ಬರೆದಿದ್ದೀಯ, ಕಾಲಿನಲ್ಲಿ ಶಕ್ತಿ ಇದೆಯಾ ಅಂತ ಬರೆದಿಲ್ಲ. ನಾನೂ ಇದೇ ತಪ್ಪು ಮಾಡಿದ್ದು.

ಎರಡು ತಿಂಗಳು ಮಾತ್ರೆ ನುಂಗಿದೆ. ನಂಜನಗೂಡು ಕಡೆ ಯಾರೋ ನರ ಎಳೆಯುತ್ತಾರೆ ಅಂತ ಅತ್ತೆ ಕರೆದುಕೊಂಡು ಹೋದರು. ಬೋರಲು ಮಲಗಿಸಿ, ಮೊಣಕೈ ಊರಿ ತಿರುಚಿದರು, ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅದಾಗಿ ಹದಿನೈದು ದಿನಕ್ಕೆ ನೋವು ತಾನಾಗಿಯೇ ಇಳಿಯಿತು. ನನಗೆ ಎಷ್ಟು ಖುಷಿ ಅಂದರೆ, ಚಾಮುಂಡಿ ಬೆಟ್ಟ ಹತ್ತುತ್ತೇನೆ ಅಂತ ಹರಕೆ ಹೊತ್ತಿದ್ದೆ ನೋಡು, ಆ ಭಾನುವಾರವೇ ಹೊರಟೆ. ಬರಿಗಾಲು. ನೂರು ಮೆಟ್ಟಿಲು ದಾಟಿರಲಿಲ್ಲ, ಹಿಂದೆ ಬರುತ್ತಿದ್ದ ನಮ್ಮನೆಯವರು "ಅದ್ಯಾಕೆ ಮೆಟ್ಟಿಲು ಮೆಟ್ಟಿಲಿಗೂ ಎಡವ್ತಿದ್ದೀಯ?" ಅಂದರು. ಬಗ್ಗಿ ನೋಡಿದರೆ ಎಡಗಾಲಿನ ಬೆರಳಿನ ತುದಿಯೆಲ್ಲ ತರಚಿ ರಕ್ತ. ನನಗೆ ಗೊತ್ತೇ ಆಗಿರಲಿಲ್ಲ. ಪಾದ ಮೇಲಕ್ಕೆ ಏಳುತ್ತಲೇ ಇರಲಿಲ್ಲ.

ಮಾರನೇ ದಿನ ತೋರಿಸಿದ ಸರ್ಜನ್ ಎಂಆರ್‌ಐ ಕವರ್ ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಬಿಚ್ಚಲಿಲ್ಲ. ಮೊದಲು ಹಿಮ್ಮಡಿಯ ಮೇಲೆ ನಡೆಯಿರಿ ಅಂದರು. ಆಮೇಲೆ ತುದಿಗಾಲಲ್ಲಿ. ಆಮೇಲೆ ಮಲಗಿಸಿ ಹೆಬ್ಬೆರಳನ್ನು ನಿಮ್ಮ ಕಡೆ ಎಳೆದುಕೊಳ್ಳಿ ಅಂತ ಹೇಳಿ, ಒಂದೇ ಬೆರಳಿನಲ್ಲಿ ಒತ್ತಿ ಹಿಡಿದರು. ನನ್ನ ಹೆಬ್ಬೆರಳು ಸೋತಿತು. ಆ ಮಟ್ಟದ ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಎಲ್ 5 ನರವನ್ನು, ಪಾದ ಮತ್ತು ಹೆಬ್ಬೆರಳನ್ನು ಮೇಲೆತ್ತುವುದು ಅದರ ಕೆಲಸ. ಒಂದು ಮಣಿ ಕೆಳಗೆ, ಎಸ್ 1 ನರಕ್ಕೆ ಒತ್ತಿದ್ದರೆ ತುದಿಗಾಲಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ನೋವು ಇಳಿದದ್ದು ನರ ಸುಧಾರಿಸಿ ಅಲ್ಲ, ಸೋತು. ಈ ಮಾತು ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ.

ಮೂರನೇ ದಿನಕ್ಕೆ ಆಪರೇಷನ್. ಪೂರ್ತಿ ಅರಿವಳಿಕೆ, ಬೋರಲು ಮಲಗಿಸುತ್ತಾರೆ. ಬೆನ್ನಲ್ಲಿ ಒಂದಿಂಚು ಗಾಯ, ಮೈಕ್ರೋಸ್ಕೋಪ್ ಇಟ್ಟುಕೊಂಡು ಹೊರಗೆ ಬಂದ ಚೂರನ್ನಷ್ಟೇ ತೆಗೆಯುತ್ತಾರೆ. ಇಡೀ ಡಿಸ್ಕ್ ಕಿತ್ತು ಹಾಕುವುದಿಲ್ಲ, ರಾಡು ಸ್ಕ್ರೂ ಏನೂ ಇಲ್ಲ. ಎಚ್ಚರ ಆದಾಗ ಕಾಲಿನ ಸೆಳೆತ ಇರಲೇ ಇಲ್ಲ, ಗಾಯದ ನೋವು ಮಾತ್ರ. ಮಾರನೇ ಬೆಳಿಗ್ಗೆ ನಾನೇ ನಡೆದು ಬಚ್ಚಲಿಗೆ ಹೋದೆ. ಮೂರನೇ ದಿನ ಮನೆ. ಆರು ವಾರ ಬಗ್ಗಬೇಡಿ, ಭಾರ ಎತ್ತಬೇಡಿ ಅಂದರು. ಕೊಡ ಎತ್ತದೆ, ನೆಲ ಒರೆಸದೆ ಇರುವುದು ಆಪರೇಷನ್‌ಗಿಂತ ಕಷ್ಟ ಆಯಿತು ನನಗೆ! ಆದರೆ ಪಾದದ ಶಕ್ತಿ ಬರುವುದಕ್ಕೆ ಐದು ತಿಂಗಳು ಹಿಡಿಯಿತು, ಅದೂ ಪೂರ್ತಿ ಬಂದಿಲ್ಲ. ಈಗಲೂ ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲಲ್ಲ, ಹಿಂದೆ ಪಟ್ಟಿ ಇರುವುದೇ ಬೇಕು.

ಕಾಲೇ ಹೋಗುತ್ತೆ ಅನ್ನುವವರಿಗೆ ಇದನ್ನು ಹೇಳು. ಬೆನ್ನುಹುರಿ ಅನ್ನುವುದು ಎಲ್ 1–ಎಲ್ 2 ಹತ್ತಿರವೇ ಮುಗಿದುಬಿಡುತ್ತದೆ. ಅಪ್ಪನಿಗೆ ತೊಂದರೆ ಇರುವ ಜಾಗದಲ್ಲಿ ಹುರಿ ಇಲ್ಲ, ಕುದುರೆ ಬಾಲದ ಹಾಗೆ ಇಳಿದ ನರಗಳ ಎಳೆಗಳು ಮಾತ್ರ. ಅಪಾಯವೇ ಇಲ್ಲ ಅಂತಲ್ಲ. ಸೋಂಕು ಆಗಬಹುದು, ನರದ ಹೊದಿಕೆ ಹರಿದು ನೀರು ಸೋರಬಹುದು, ಅಪರೂಪಕ್ಕೆ ನರಕ್ಕೇ ಪೆಟ್ಟಾಗಬಹುದು. ನೂರರಲ್ಲಿ ಐದರಿಂದ ಹತ್ತು ಜನಕ್ಕೆ ಅದೇ ಜಾಗದಲ್ಲಿ ಮತ್ತೆ ಡಿಸ್ಕ್ ಹೊರಬರುತ್ತದೆ ಅಂತ ಸಹಿ ಹಾಕಿಸುವ ಮುಂಚೆ ನನಗೆ ಹೇಳಿದ್ದರು.

ಮಂಡ್ಯದಿಂದ, ಬಸ್ ಡ್ರೈವರ್:

ನನಗೆ ಆಪರೇಷನ್ ಇಲ್ಲದೇ ವಾಸಿ ಆಯ್ತು, ಅದನ್ನೂ ಬರೆದುಬಿಡ್ತೀನಿ. ಎಲ್ 5–ಎಸ್ 1, ಅಂದರೆ ನಿಮ್ಮ ಅಪ್ಪನದಕ್ಕಿಂತ ಒಂದು ಮಣಿ ಕೆಳಗೆ, ಬಲಗಾಲು. ಕೂರೋಕೆ ಆಗ್ತಿರಲಿಲ್ಲ, ಡ್ರೈವರಿಗೆ ಕೂರೋಕಾಗದಿದ್ದರೆ ಇನ್ನೇನಿದೆ ಹೇಳಿ. ಡಾಕ್ಟರು ಕಾಲಿನ ಶಕ್ತಿ ಸರಿಯಾಗಿದೆ, ಕಾಯೋಣ ಅಂದರು. ಹಾಸಿಗೆ ಹಿಡಿದು ಮಲಗಬೇಡ, ಎರಡು ದಿನ ಸಾಕು, ಆಮೇಲೆ ಆದಷ್ಟು ಓಡಾಡು ಅಂತಲೂ ಹೇಳಿದರು. ಹತ್ತು ವಾರಕ್ಕೆ ಡ್ಯೂಟಿಗೆ ಹೋದೆ. ಹೊರಗೆ ಬಂದ ಚೂರು ಎಷ್ಟೋ ಜನಕ್ಕೆ ತಾನೇ ಒಣಗಿ ಕುಗ್ಗಿಹೋಗುತ್ತದಂತೆ. ಒಂದು ಸೊಂಟಪಟ್ಟಿಗೆ ದುಡ್ಡು ಸುರಿದಿದ್ದೆ, ಅದು ಈಗ ನಮ್ಮನೆ ಬೆಕ್ಕಿಗೆ ಹಾಸಿಗೆ.

ಮೈಸೂರಿನಿಂದ, ನರ್ಸ್:

ಹನ್ನೊಂದು ವರ್ಷ ನ್ಯೂರೋಸರ್ಜರಿ ವಾರ್ಡಿನಲ್ಲಿದ್ದೇನೆ. ಡಾಕ್ಟರಲ್ಲ, ಅಷ್ಟು ತಿಳಿದುಕೊಂಡೇ ಓದಿ.

ಡ್ರೈವರ್ ಅಣ್ಣ ಹೇಳಿದ್ದೂ ಸರಿ, ಟೀಚರ್ ಅಕ್ಕ ಹೇಳಿದ್ದೂ ಸರಿ. ನೆದರ್‌ಲ್ಯಾಂಡ್ಸ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. 6ರಿಂದ 12 ವಾರ ಕಾಲುನೋವು ಇದ್ದ 283 ಜನರನ್ನು ಎರಡು ಗುಂಪು ಮಾಡಿದರು, ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾದು ನೋಡುವುದು. ಆಪರೇಷನ್ ಆದವರ ನೋವು ಬೇಗ ಹೋಯಿತು. ಆದರೆ ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪೂ ಹೆಚ್ಚುಕಡಿಮೆ ಒಂದೇ. ಕಾದವರಲ್ಲಿ 39 ಶೇಕಡಾ ಜನ ಆಮೇಲೆ ಆಪರೇಷನ್ ಮಾಡಿಸಿಕೊಂಡರು ಅನ್ನುವುದೂ ನಿಜ. ಒಂದು ವಿಷಯ ಮರೆಯಬೇಡಿ, ಕಾಲಿನ ಶಕ್ತಿ ಪೂರ್ತಿ ಹೋದವರನ್ನು, ಮೂತ್ರ ಕಟ್ಟಿದವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡೇ ಇರಲಿಲ್ಲ. ಅವರ ಲೆಕ್ಕವೇ ಬೇರೆ.

ರಿಪೋರ್ಟ್ ಓದಿ ಗಾಬರಿ ಆಗಬೇಡಿ. ಯಾವ ನೋವೂ ಇಲ್ಲದ ಜನರನ್ನು ಸ್ಕ್ಯಾನ್ ಮಾಡಿದರೂ 20ರ ವಯಸ್ಸಿನಲ್ಲಿ 30 ಶೇಕಡಾ, 80ರಲ್ಲಿ 84 ಶೇಕಡಾ ಜನಕ್ಕೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಫಿಲ್ಮಿನಲ್ಲಿ ಎಡಕ್ಕೆ ಒತ್ತಿದ್ದು, ನೋವು ಬಲಗಾಲಿಗೆ ಬರುತ್ತಿದ್ದರೆ? ಆಗ ಆ ಡಿಸ್ಕ್ ತೆಗೆದು ಏನು ಲಾಭ! ಅಪ್ಪನ ವಿಷಯದಲ್ಲಿ ಎರಡೂ ಹೊಂದುತ್ತಿವೆ, ಅದು ಬೇರೆ ಮಾತು.

ಕಾಯುತ್ತಿರುವಾಗ ಒಂದನ್ನು ಮಾತ್ರ ಮೈಯೆಲ್ಲ ಕಣ್ಣಾಗಿ ನೋಡಿಕೊಳ್ಳಿ. ಕೂತಾಗ ನೆಲಕ್ಕೆ ತಾಗುವ ಜಾಗ, ತೊಡೆಸಂದಿ ಮರಗಟ್ಟುವುದು, ಒಂದಕ್ಕೆ ಕಟ್ಟಿಕೊಳ್ಳುವುದು ಅಥವಾ ಗೊತ್ತಿಲ್ಲದೇ ಆಗಿಬಿಡುವುದು, ಎರಡೂ ಕಾಲಿಗೂ ನೋವು ಹರಡುವುದು. ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆ ಕುದುರೆ ಬಾಲದ ನರಗಳೆಲ್ಲ ಒಟ್ಟಿಗೆ ಒತ್ತಿಹೋಗಿವೆ ಅಂತ ಅರ್ಥ, ಒಂದೆರಡು ದಿನದೊಳಗೆ ಒತ್ತಡ ತೆಗೆಯಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನಮ್ಮ ವಾರ್ಡಿಗೆ ಒಬ್ಬರು ಬಂದಿದ್ದರು. ಹಿಂದಿನ ದಿನದಿಂದ ಮೂತ್ರ ಹೋಗಿಲ್ಲ, ಉಷ್ಣ ಆಗಿದೆ ಅಂತ ಮನೆಯವರು ಎಳನೀರು, ಜೀರಿಗೆ ನೀರು ಕುಡಿಸುತ್ತಾ ಕೂತಿದ್ದರು. ಬಂದಿದ್ದು ಮೂರನೇ ದಿನ. ಕಾಲು ಸುಧಾರಿಸಿತು, ಮೂತ್ರದ ಪೈಪು ಮಾತ್ರ ತಿಂಗಳುಗಟ್ಟಲೆ ಬಿಡಲಿಲ್ಲ.

ಹಾಂ, ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬೆನ್ನುನೋವು ಬಿಡದಿರುವುದು, ಇವೆಲ್ಲ ಇದ್ದರೆ ಬೆನ್ನಿನ ಟಿಬಿ ಇದೆಯಾ ಅಂತಲೂ ನೋಡುತ್ತಾರೆ. ಅದಕ್ಕೆ ವರ್ಷದ ಮೇಲೆ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ. ಬಹಳ ಜನಕ್ಕೆ ಆಪರೇಷನ್ ಬೇಕಾಗುವುದೇ ಇಲ್ಲ.

ಪಾಂಡವಪುರ ಕಡೆಯಿಂದ, ಕೇಳುತ್ತಿರುವವನು:

ಎಲ್ಲರಿಗೂ ಥ್ಯಾಂಕ್ಸ್. ಹಿಮ್ಮಡಿ ಮೇಲೆ ನಡೆಸಿ ನೋಡಿಲ್ಲ, ಯಾರೂ ಹೇಳಲೇ ಇಲ್ಲ. ಅಪ್ಪ ಮಲಗಿದ್ದಾರೆ, ಬೆಳಿಗ್ಗೆ ನೋಡ್ತೀನಿ. ಮೂತ್ರಕ್ಕೆ ತೊಂದರೆ ಇಲ್ಲ. ಖರ್ಚಿನ ದಾರಿ ಯಾರಿಗಾದರೂ ಗೊತ್ತಾ? ಈ ಸಲ ಬೆಲ್ಲದ ರೇಟು ಕೇಳಲೇಬೇಡಿ.

ಮದ್ದೂರಿನಿಂದ:

ನಮ್ಮ ಅಪ್ಪನದು ಸೊಂಟ ಅಲ್ಲ, ಕುತ್ತಿಗೆ. ಬರೆಯುವುದಕ್ಕೆ ಕಾರಣ ಏನಂದರೆ ಅವರಿಗೆ ನೋವೇ ಇರಲಿಲ್ಲ. ಮೊದಲು ಅಂಗಿ ಗುಂಡಿ ಹಾಕಲು ಆಗದೆ ಅಮ್ಮನನ್ನು ಕರೆಯುತ್ತಿದ್ದರು. ಅನ್ನ ಕಲಸುವಾಗ ತಟ್ಟೆಯ ಹೊರಗೆ ಬೀಳುತ್ತಿತ್ತು. ಗದ್ದೆ ಬದುವಿನ ಮೇಲೆ ಐವತ್ತು ವರ್ಷ ನಡೆದವರು ಕುಡಿದವರ ಹಾಗೆ ವಾಲುತ್ತಿದ್ದರು, ನಾನೇ ಒಂದು ಸಲ ಬಾಯಿ ಮೂಸಿ ನೋಡಿದ್ದೇನೆ, ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ವಯಸ್ಸು, ಶುಗರ್, ವಿಟಮಿನ್ ಕಮ್ಮಿ ಅಂತ ಎಂಟು ತಿಂಗಳು ಹೋಯಿತು. ಕೊನೆಗೆ ಎಂಆರ್‌ಐ ಮಾಡಿಸಿದಾಗ ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತಿಹೋಗಿತ್ತು. ಮೇಲೆ ಹೇಳಿದ ಎಳೆಗಳಲ್ಲ, ಹುರಿಯೇ. ಕುತ್ತಿಗೆಯ ಮುಂಭಾಗದಿಂದ ಹೋಗಿ ಡಿಸ್ಕ್ ತೆಗೆದು, ಆ ಜಾಗಕ್ಕೆ ಸಣ್ಣ ಆಸರೆ ಇಟ್ಟು ಪ್ಲೇಟ್ ಹಾಕಿದರು. ಆಪರೇಷನ್ ಮುಖ್ಯವಾಗಿ ಇನ್ನೂ ಹಾಳಾಗದಂತೆ ತಡೆಯಲು, ಹೋದದ್ದೆಲ್ಲ ವಾಪಸ್ ಬರುತ್ತದೆ ಅಂತ ಇಟ್ಟುಕೊಳ್ಳಬೇಡಿ ಅಂತ ಮೊದಲೇ ಹೇಳಿದ್ದರು. ಹಾಗೇ ಆಯಿತು. ನಡಿಗೆ ಸುಮಾರಾಗಿ ಸರಿಹೋಯಿತು, ಗುಂಡಿ ಮಾತ್ರ ಇಂದಿಗೂ ಅಮ್ಮನೇ ಹಾಕಬೇಕು.

ಮಂಡ್ಯದಿಂದ, ಡೇರಿ ಸಂಘದ ಕಾರ್ಯದರ್ಶಿ:

ಖರ್ಚಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಆದರೆ ಪ್ಯಾಕೇಜಿನ 30 ಶೇಕಡಾ ಮಾತ್ರ, ಒಟ್ಟು ಒಂದೂವರೆ ಲಕ್ಷದ ಮಿತಿ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಆಗಲ್ಲ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ, ಅಲ್ಲಿ ತೋರಿಸಿ. ಅಲ್ಲಿ ಆಗುವುದಿದ್ದರೆ ಅಲ್ಲೇ, ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಡೇರಿಗೆ ಹಾಲು ಹಾಕುತ್ತೀರಾ? ಸಂಘದಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಗೆ ಕಟ್ಟಿದ್ದರೆ ಅದರಲ್ಲೂ 5 ಲಕ್ಷದ ತನಕ ಇದೆ. 2018ರಲ್ಲಿ ನಿಂತುಹೋಗಿತ್ತು, ಮತ್ತೆ ಶುರು ಮಾಡಿದ್ದಾರೆ. ಆದರೆ ನೋಂದಣಿ ಸಮಯದಲ್ಲಿ ದುಡ್ಡು ಕಟ್ಟಿರಬೇಕು, ಕಾಯಿಲೆ ಬಂದ ಮೇಲೆ ಓಡಿ ಬಂದರೆ ನಾವೇನೂ ಮಾಡಲಾಗಲ್ಲ. ನನ್ನ ಟೇಬಲ್ ಮುಂದೆ ಹೀಗೆ ಅತ್ತವರು ಎಷ್ಟು ಜನ ಅಂತ ಲೆಕ್ಕ ಇಟ್ಟಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೆ, ತಲೆಯ ತೊಂದರೆಗೆ ಮಾತ್ರ ಅಂತ ಜನ ತಿಳಿದುಕೊಂಡಿದ್ದಾರೆ, ಬೆನ್ನಿನ ಆಪರೇಷನ್ನೂ ಅಲ್ಲಿ ಆಗುತ್ತದೆ.

ಶ್ರೀರಂಗಪಟ್ಟಣದಿಂದ:

ಇದು ಬೆನ್ನಿನ ವಿಷಯ ಅಲ್ಲ, ಆದ್ರೂ ಮನೆಯಲ್ಲಿ ವಯಸ್ಸಾದವರು ಇರುವವರು ಓದಿ. ನಮ್ಮ ಅಜ್ಜಿ ಬಚ್ಚಲಲ್ಲಿ ಜಾರಿ ತಲೆ ಗೋಡೆಗೆ ತಾಗಿತ್ತು. ರಕ್ತ ಇಲ್ಲ, ಊತವೂ ಇಲ್ಲ, ಕಾಫಿ ಕುಡಿದು ಹೂ ಕಟ್ಟುತ್ತಾ ಕೂತರು. ತಿಂಗಳಾದ ಮೇಲೆ ಸುಮ್ನೆ ಮಲಗೋದು ಜಾಸ್ತಿ ಆಯ್ತು, ನನ್ನನ್ನು ಅವರ ತಮ್ಮನ ಹೆಸರು ಹಿಡಿದು ಕರೆಯೋರು, ಬಲಗೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಎಲ್ಲರೂ ಅರಳುಮರಳು ಅಂದರು. ಸಿಟಿ ಸ್ಕ್ಯಾನ್ ಮಾಡಿದರೆ ತಲೆಬುರುಡೆಗೂ ಮೆದುಳಿಗೂ ನಡುವೆ ಹಳೆಯ ರಕ್ತ ತುಂಬಿ ಮೆದುಳನ್ನು ಒತ್ತಿತ್ತು. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗಿರುತ್ತದೆ, ನಡುವಿನ ಸಣ್ಣ ರಕ್ತನಾಳ ಹರಿದರೆ ನಿಧಾನವಾಗಿ ವಾರಗಟ್ಟಲೆ ತುಂಬುತ್ತದಂತೆ. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ಬೇರೆ ತಿನ್ನುತ್ತಿದ್ದರು. ಬುರುಡೆಗೆ ಎರಡು ಸಣ್ಣ ತೂತು ಮಾಡಿ, ಇಂಜಿನ್ ಆಯಿಲ್ ಬಣ್ಣದ ರಕ್ತ ಹೊರಗೆ ಬಿಟ್ಟು, ಎರಡು ದಿನ ಪೈಪು ಇಟ್ಟಿದ್ದರು. ಮೂರನೇ ದಿನ ಅಜ್ಜಿ ಎದ್ದು ಕೂತು, ನನ್ನ ಹೆಸರನ್ನೇ ಹಿಡಿದು ಕರೆದು, ತಮ್ಮ ಕೂದಲು ಬೋಳಿಸಿದ್ದು ಯಾರು ಅಂತ ಜಗಳಕ್ಕೆ ನಿಂತರು.

ಪಾಂಡವಪುರ ಕಡೆಯಿಂದ, ಕೇಳುತ್ತಿರುವವನು:

ಬೆಳಿಗ್ಗೆ ಅಂಗಳದಲ್ಲಿ ಅಪ್ಪನನ್ನು ಹಿಮ್ಮಡಿ ಮೇಲೆ ನಡೆಸಿದೆ. ಇದೇನು ಮಕ್ಕಳಾಟ ಅಂತ ನಗುತ್ತಲೇ ಶುರು ಮಾಡಿದರು. ಬಲಗಾಲು ನಿಂತಿತು. ಎಡಗಾಲಿನ ಮುಂಪಾದ ಪಟ್ ಪಟ್ ಅಂತ ನೆಲಕ್ಕೆ ಬೀಳುತ್ತದೆ. ನಾಲ್ಕು ಹೆಜ್ಜೆ ಆದ ಮೇಲೆ ಅಪ್ಪನೂ ನಗಲಿಲ್ಲ. ಆಮೇಲೆ ಟೀಚರ್ ಅಕ್ಕ ಬರೆದದ್ದನ್ನು ಓದಿ ಹೇಳಿದೆ, ಬೆಟ್ಟದ ಮೆಟ್ಟಿಲಿನ ಕಥೆ. ಹತ್ತು ದಿನದಿಂದ ನೋವು ಕಮ್ಮಿ ಆಗಿತ್ತು ಕಣೋ, ಅದಕ್ಕೇ ಹೇಳಿರಲಿಲ್ಲ ಅಂದರು. ನಾಳೆ ಬೆಳಿಗ್ಗೆ ಮೈಸೂರಿಗೆ ಹೊರಟಿದ್ದೇವೆ.

ಮೈಸೂರು ಕುವೆಂಪುನಗರದಿಂದ, ಶಾಲೆ ಟೀಚರ್:

ನಾಳೆ ಯಾಕೆ ತಮ್ಮಾ, ಇವತ್ತೇ ಹೊರಡಿ. ಕಾಯೋಣ ಅಂದ ಡಾಕ್ಟರು ನೋಡಿದ್ದು ಈ ಹತ್ತು ದಿನದ ಮುಂಚೆ ಅಲ್ವಾ? ಕಾಲಿನ ಶಕ್ತಿ ಕಮ್ಮಿ ಆಗಿದೆ, ಇಂಥ ದಿನದಿಂದ ಅಂತ ಬಾಗಿಲಲ್ಲೇ ಹೇಳು, ನೋವಿನಿಂದ ಶುರು ಮಾಡಬೇಡ. ರಿಪೋರ್ಟ್ ಹಾಳೆ ಮಾತ್ರ ಅಲ್ಲ, ಫಿಲ್ಮ್, ಸಿಡಿ ಎರಡೂ ಇಟ್ಟುಕೊ. ರೇಷನ್ ಕಾರ್ಡ್, ಆಧಾರ್ ಒರಿಜಿನಲ್, ಅಪ್ಪ ತಿನ್ನುವ ಮಾತ್ರೆಗಳ ಚೀಟಿ. ಮತ್ತೆ ಆ ಹವಾಯಿ ಚಪ್ಪಲಿ ಹಾಕಿಸಿಕೊಂಡು ಬರಬೇಡ, ಬಸ್ ಹತ್ತುವಾಗ ಎಡವುತ್ತಾರೆ.