ಕಮ್ಯುನಿಟಿ ಆರ್ಡರ್ ಮುರಿದವರಿಗೆ ಎರಡನೇ ವಾರ್ನಿಂಗ್ ಲೆಟರ್ ಕೊಡಬಹುದಾ?

ಹೊಸ_ಫೈಲು: ಇಂಗ್ಲೆಂಡ್-ವೇಲ್ಸ್ ಪ್ರೊಬೇಷನ್ ಬಗ್ಗೆ ಒಂದು ಅನುಮಾನ. ಕಮ್ಯುನಿಟಿ ಆರ್ಡರ್ ಅಂದರೆ ಜೈಲಿಗೆ ಹಾಕದೆ, ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಷರತ್ತು ಪಾಲಿಸಿಕೊಂಡು ಹೊರಗಿರಿ ಅಂತ ಕೋರ್ಟು ಕೊಡುವ ಶಿಕ್ಷೆ. ಅದರ ಷರತ್ತಾದ ಅನ್‌ಪೇಯ್ಡ್ ವರ್ಕ್‌ಗೆ (ಸಂಬಳವಿಲ್ಲದ ಕೆಲಸ) ಒಬ್ಬರು ಒಂದು ದಿನ ಬರಲಿಲ್ಲ, ಕಾರಣವನ್ನೂ ಹೇಳಲಿಲ್ಲ. ವಾರ್ನಿಂಗ್ ಲೆಟರ್ ಹೋಯಿತು. ಐದು ತಿಂಗಳು ಸರಿಯಾಗಿ ಬಂದು ಈಗ ಮತ್ತೆ ಗೈರು. ಇನ್ನೊಂದು ಲೆಟರ್ ಕೊಟ್ಟು ಸುಮ್ಮನಾಗಬಹುದಾ? ಲೆಟರ್‌ನಲ್ಲಿ ಏನೇನು ಇರಲೇಬೇಕು?

ಷೆಡ್ಯೂಲ್_ಹತ್ತು: ಆಗಲ್ಲ. 2020ರ ಸೆಂಟೆನ್ಸಿಂಗ್ ಆಕ್ಟ್‌ನ 10ನೇ ಷೆಡ್ಯೂಲ್ ಪ್ರಕಾರ ಮೊದಲ ತಪ್ಪಿಗೆ ಎರಡು ದಾರಿ: ವಾರ್ನಿಂಗ್ ಕೊಡಿ, ಇಲ್ಲವೇ ಎನ್‌ಫೋರ್ಸ್‌ಮೆಂಟ್ ಆಫೀಸರ್‌ಗೆ (ಷರತ್ತು ಮುರಿದವರ ವಿಷಯ ಕೋರ್ಟಿಗೆ ಒಯ್ಯುವ ಅಧಿಕಾರಿ) ಕಳಿಸಿ. ವಾರ್ನಿಂಗ್ ಕೊಟ್ಟ ದಿನದಿಂದ 12 ತಿಂಗಳೊಳಗೆ ಸಕಾರಣವಿಲ್ಲದೆ ಮತ್ತೆ ತಪ್ಪಿದರೆ ಕಳಿಸಲೇಬೇಕು. ಲೆಕ್ಕ ಆರ್ಡರ್ ದಿನದಿಂದಲ್ಲ, ಇಲ್ಲೇ ಬಹಳ ಜನ ಎಡವುತ್ತಾರೆ. ಹಾಗಂತ ಕಳಿಸಿದ ಕೂಡಲೇ ಕೋರ್ಟು ಅಂತಲ್ಲ. ಕೇಸು ಹಾಕುವುದು ಸೂಕ್ತವೋ ಅಂತ ಆ ಆಫೀಸರ್ ನೋಡುತ್ತಾರೆ. ಐದು ತಿಂಗಳ ಹಾಜರಿಯನ್ನು ಅಲ್ಲಿ ಬರೆದು ಕಳಿಸಿ.

ಲೆಟರ್‌ನಲ್ಲಿ ಮೂರು ಮಾತು ಬೇಕು: ಏನು ತಪ್ಪಾಯಿತು, ಅದು ಒಪ್ಪತಕ್ಕದ್ದಲ್ಲ, 12 ತಿಂಗಳೊಳಗೆ ಮತ್ತೆ ತಪ್ಪಿದರೆ ಕೋರ್ಟಿಗೆ ಹೋಗಬೇಕಾದೀತು. ಕೊಟ್ಟದ್ದನ್ನು ಆದಷ್ಟು ಬೇಗ ದಾಖಲಿಸಬೇಕು.

ಕಡತ_ಕಾವಲು: ‘ನೀವು ನಿಯಮ ಪಾಲಿಸಿಲ್ಲ’ ಎಂಬಂಥ ಸಾಲು ಕೋರ್ಟಿನಲ್ಲಿ ನಿಲ್ಲಲ್ಲ. ‘ಮಾರ್ಚ್ 4, ಬೆಳಿಗ್ಗೆ 9ಕ್ಕೆ ಇಂಥ ಸ್ಥಳಕ್ಕೆ ಬರಲು ಫೆಬ್ರವರಿ 25ರಂದು ಲಿಖಿತವಾಗಿ ತಿಳಿಸಿತ್ತು, ಬರಲಿಲ್ಲ, ಕಾರಣ ಕೊಡಲಿಲ್ಲ’ ಹೀಗಿರಲಿ. ಬರಲು ಹೇಳಿದ್ದಕ್ಕೆ ಪುರಾವೆ ಇಲ್ಲದಿದ್ದರೆ ತಪ್ಪು ಸಾಬೀತಾಗುವುದೇ ಕಷ್ಟ. ವಿಳಾಸ ಬದಲಾಗಿದೆಯಾ ನೋಡಿ, ಇಂಗ್ಲಿಷ್ ಓದಲು ಬಾರದವರಿಗೆ ಬಾಯಲ್ಲೂ ವಿವರಿಸಿ. ಆಮೇಲೆ ಡಾಕ್ಟರ್ ಚೀಟಿ ತಂದು ನೀವು ಒಪ್ಪಿದರೆ ವಾರ್ನಿಂಗ್ ಹಿಂತೆಗೆದಿದ್ದೇವೆ ಅಂತ ಬರವಣಿಗೆಯಲ್ಲೇ ಕೊಡಿ. ಇಲ್ಲದಿದ್ದರೆ ಮುಂದಿನ ಗೈರಿಗೆ ಆ ಹಳೇ ಲೆಟರ್ ತಪ್ಪಾಗಿ ಎಣಿಕೆಗೆ ಬರುತ್ತದೆ.

ಹೊಸ_ಫೈಲು: ಕೋರ್ಟಿಗೆ ಹೋದರೆ ಜೈಲೇನಾ?

ಷೆಡ್ಯೂಲ್_ಹತ್ತು: ಸಾಮಾನ್ಯವಾಗಿ ಅಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟು 2,500 ಪೌಂಡ್‌ವರೆಗೆ ದಂಡ ಹಾಕಬಹುದು, ಷರತ್ತು ಬಿಗಿ ಮಾಡಬಹುದು, ಆರ್ಡರನ್ನೇ ರದ್ದುಮಾಡಿ ಮೂಲ ಅಪರಾಧಕ್ಕೆ ಹೊಸದಾಗಿ ಶಿಕ್ಷೆ ಕೊಡಬಹುದು. ಅಷ್ಟರವರೆಗೆ ಎಷ್ಟು ಪಾಲಿಸಿದ್ದಾರೆ ಅನ್ನುವುದನ್ನು ಗಣನೆಗೆ ತೆಗೆದುಕೊಳ್ಳಲೇಬೇಕು.

ಬಾಂಡ್_ಪೇಪರ್: ನಮ್ಮ 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಆಕ್ಟ್‌ನ 9ನೇ ಸೆಕ್ಷನ್‌ನಲ್ಲಿ ಈ ವಾರ್ನಿಂಗ್ ಮೆಟ್ಟಿಲೇ ಇಲ್ಲ. ಪ್ರೊಬೇಷನ್ ಅಧಿಕಾರಿಯ ವರದಿ ಬಂದರೆ ಕೋರ್ಟು ಸಮನ್ಸ್ ಅಥವಾ ವಾರಂಟ್ ಹೊರಡಿಸಬಹುದು. ಮೊದಲ ಸಲದ ತಪ್ಪಿಗೆ ಬಾಂಡ್ (ಷರತ್ತು ಪಾಲಿಸುತ್ತೇನೆ ಅಂತ ಬರೆದುಕೊಟ್ಟ ಮುಚ್ಚಳಿಕೆ) ಹಾಗೇ ಉಳಿಸಿ ಹಾಕಬಹುದಾದ ದಂಡ ಹೆಚ್ಚೆಂದರೆ 50 ರೂಪಾಯಿ. ಇವತ್ತು ಎರಡು ಕಾಫಿಗೂ ಸಾಲದೇನೋ!