ಅವ್ವ ಶುಗರ್ ಗುಳಿಗೆ ಬಿಟ್ಟು ವಾಟ್ಸಾಪ್ ಗುಂಪಿನವರು ಹೇಳಿದ ಕಷಾಯ ಕುಡಿಯುತ್ತಿದ್ದಾಳೆ, ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಮಳವಳ್ಳಿ ಕಡೆಯ ಮಗಳು:
ಅವ್ವನಿಗೆ ಐವತ್ತೆಂಟು, ಎಂಟು ವರ್ಷದಿಂದ ಶುಗರ್. ಆರು ವಾರದಿಂದ ಗುಳಿಗೆ ನುಂಗಿಲ್ಲ. ಅಕ್ಕಿ ಡಬ್ಬದ ಹಿಂದೆ ಒಡೆಯದ ಮೂರು ಪಟ್ಟಿ ಸಿಕ್ಕಾಗಲೇ ನನಗೆ ತಿಳಿದದ್ದು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತು ನಂಬಿ ದಿನಾ ಬೆಳಿಗ್ಗೆ ಇನ್ಸುಲಿನ್ ಗಿಡದ ಎಲೆ, ನೇರಳೆ ಬೀಜದ ಪುಡಿ, ಹಾಗಲಕಾಯಿ ರಸ ಕುಡಿಯುತ್ತಿದ್ದಾಳೆ. ಮೊನ್ನೆ ಖಾಲಿ ಹೊಟ್ಟೆಯಲ್ಲಿ 268 ಇತ್ತು. ಕೇಳಿದರೆ "ಗುಳಿಗೆ ಕಿಡ್ನಿ ತಿನ್ನುತ್ತದೆ" ಎನ್ನುತ್ತಾಳೆ. ಅಪ್ಪ ಹೋದ ಮೇಲೆ ಅವಳಿಗೆ ಮಾತಿಗೆಂದು ಇರುವುದು ಆ ಗುಂಪೊಂದೇ. ಫೋನ್ ಕಿತ್ತುಕೊಳ್ಳಲು ಮನಸ್ಸು ಬರುತ್ತಿಲ್ಲ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಊರಿಗೆ ಹೋಗುವುದು ಹದಿನೈದು ದಿನಕ್ಕೊಮ್ಮೆ. ಅನುಭವ ಇದ್ದವರು ಹೇಳಿ.

ಕೆ.ಆರ್. ಪೇಟೆ ರೈತ:
ಕಿತ್ತುಕೊಳ್ಳಿ ತಾಯಿ. ಇವತ್ತೇ ಕಿತ್ತುಕೊಳ್ಳಿ. ನಾನು ಮನಸ್ಸು ಗಟ್ಟಿ ಮಾಡಿಕೊಳ್ಳುವುದರೊಳಗೆ ನಮ್ಮಪ್ಪನ ಬಲಗಾಲಿನ ಎರಡು ಬೆರಳು ಹೋದವು.

ಡೈರಿಗೆ ಹಾಲು ಹಾಕುವವರ ಗುಂಪಿನಲ್ಲಿ ಒಬ್ಬ ಪುಡಿಯ ವಿಡಿಯೊ ಹಾಕಿದ. ಡಬ್ಬಕ್ಕೆ 2,850 ರೂಪಾಯಿ. ಅಪ್ಪ ನಾಲ್ಕು ಡಬ್ಬ ತೆಗೆದುಕೊಂಡರು, 11,400. ಗುಳಿಗೆ ಬಿಟ್ಟು ಐದು ತಿಂಗಳು. ಗದ್ದೆಯಲ್ಲಿ ಕಬ್ಬಿನ ಕೂಳೆ ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ಕಾಲಿಗೆ ಅಷ್ಟು ಜೋಮು ಹಿಡಿದಿತ್ತು. ವಾಸನೆ ಬಂದ ಮೇಲೆ ನಮ್ಮ ಹೆಂಡತಿ ಚಪ್ಪಲಿ ಬಿಡಿಸಿ ನೋಡಿದಳು. ಮೈಸೂರಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ದಿನ ಇದ್ದೆವು. ಆಪರೇಷನ್ 62,000. ಕೋಣೆ ದಿನಕ್ಕೆ 2,200ರಂತೆ 24,200. ಇಂಜೆಕ್ಷನ್, ಔಷಧಿ 48,700. ರಕ್ತ ಪರೀಕ್ಷೆಗಳು 13,500. ಮನೆಗೆ ಬಂದ ಮೇಲೆ ನಲವತ್ತು ದಿನ ಡ್ರೆಸ್ಸಿಂಗ್, ದಿನಕ್ಕೆ 350, ಅದು 14,000. ಕಾರು ಬಾಡಿಗೆ 24,000. ಒಟ್ಟು 1,86,400, ಪುಡಿಯ ದುಡ್ಡು ಬೇರೆ. ಕಬ್ಬಿನ ಬಿಲ್ ಬಂದಿರಲಿಲ್ಲ, ಜೋಡಿ ಹಳ್ಳಿಕಾರ್ ಎತ್ತು ಮಾರಿದೆ. ಅವುಗಳನ್ನು ಲಾರಿಗೆ ಹತ್ತಿಸಿದ ದಿನ ಅಪ್ಪ ಕೊಟ್ಟಿಗೆಯ ಕಡೆ ಮುಖ ಮಾಡಲಿಲ್ಲ.

ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆಂದು ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆಯ ಕಾಗದ ಹಿಡಿದು ಠಾಣೆಗೂ ಹೋದೆ. "ಡಬ್ಬ ಕೊಂಡುಕೊಂಡಿದ್ದು ನೀವೇ ಅಲ್ಲವೇ" ಎಂದು ವಾಪಸು ಕಳುಹಿಸಿದರು. ಈಗ ಅಪ್ಪನ ಕೈಯಲ್ಲಿರುವುದು ಗುಂಡಿ ಒತ್ತುವ ಹಳೆಯ ಫೋನು.

ಮಂಡ್ಯ ನಗರದವರು:
ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆಯಲ್ಲ. ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗದೆ ನೇರವಾಗಿ ಮೈಸೂರಿನ ಖಾಸಗಿಯವರ ಬಳಿಗೆ ಯಾಕೆ ಹೋದಿರಿ?

ಕೆ.ಆರ್. ಪೇಟೆ ರೈತ:
ರಾತ್ರಿ ಹನ್ನೊಂದೂವರೆಗೆ ಕಾಲು ಕಪ್ಪಾಗಿ ಅಪ್ಪ ಚಳಿಜ್ವರದಲ್ಲಿ ನಡುಗುತ್ತಿದ್ದಾಗ ಯಾವ ಕಾರ್ಡ್, ಯಾವ ಶಿಫಾರಸು ಪತ್ರ ಎಂದು ಹುಡುಕುವ ಬುದ್ಧಿ ಯಾರಿಗೆ ಇರುತ್ತದೆ ಸ್ವಾಮಿ? ಪುಡಿ ಮಾರುವ ವಿಡಿಯೊ ನಮ್ಮ ಮನೆ ಬಾಗಿಲಿಗೆ ಬಂತು, ನಿಮ್ಮ ಐದು ಲಕ್ಷದ ವಿಡಿಯೊ ಒಂದಾದರೂ ಆ ಗುಂಪಿಗೆ ಬಂದಿತ್ತೇ?

ಟೈಪ್ 1 ಮಗುವಿನ ತಾಯಿ, ನಾಗಮಂಗಲ:
ಫೋನ್ ಕಿತ್ತುಕೊಳ್ಳಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಮಗನನ್ನು ಸಾವಿನ ಬಾಗಿಲಿಗೆ ತಳ್ಳಿದ್ದೂ ಫೋನೇ, ಇವತ್ತು ಕಾಯುತ್ತಿರುವುದೂ ಫೋನೇ.

ಮಗನಿಗೆ ಏಳು ವರ್ಷವಿದ್ದಾಗ ಟೈಪ್ 1 ಎಂದು ತಿಳಿಯಿತು. ಅವನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ, ಹೊರಗಿನಿಂದ ಕೊಡದಿದ್ದರೆ ಬದುಕಿಲ್ಲ. "ಮಕ್ಕಳ ಸಕ್ಕರೆ ಕಾಯಿಲೆ ಮೂರು ತಿಂಗಳಲ್ಲಿ ಗುಣ, ಸೂಜಿ ಬೇಡ" ಎಂಬ ವಿಡಿಯೊವನ್ನು ಯಾರೋ ಅತ್ತೆಗೆ ಕಳುಹಿಸಿದರು. ನಾನು ತವರಿಗೆ ಹೋಗಿದ್ದ ಎರಡು ದಿನ ಅತ್ತೆ ಸೂಜಿ ಚುಚ್ಚಿಸಲಿಲ್ಲ. ಮಗುವಿಗೆ ನೋವಾಗದಿರಲಿ ಎಂಬ ಪ್ರೀತಿಯಿಂದಲೇ ಹಾಗೆ ಮಾಡಿದರು. ನಾನು ವಾಪಸು ಬಂದಾಗ ವಾಂತಿ, ಹೊಟ್ಟೆನೋವು, ಓಡಿ ಬಂದವನ ಹಾಗೆ ಉಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ. ಐಸಿಯುನಲ್ಲಿ ನಾಲ್ಕು ದಿನ ಇಟ್ಟಿದ್ದರು.

ಅಲ್ಲಿಯೇ ಪರಿಚಯವಾದ ಇನ್ನೊಬ್ಬ ತಾಯಿ ನನ್ನನ್ನು ಟೈಪ್ 1 ಮಕ್ಕಳ ಪೋಷಕರ ಗುಂಪಿಗೆ ಸೇರಿಸಿದರು. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಒಂದು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಿ, ಒಳಗೆ ಮುಚ್ಚಳದ ಡಬ್ಬಿಯಲ್ಲಿ ಇನ್ಸುಲಿನ್ ಸೀಸೆ ಇಡಬೇಕೆಂದು ಹೇಳಿಕೊಟ್ಟದ್ದು ಆ ಗುಂಪು. ನೀರು ಆರುತ್ತಾ ಆರುತ್ತಾ ಒಳಗೆ ತಂಪಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲೂ ಸೀಸೆ ಮುಟ್ಟಿದರೆ ಕೈಗೆ ತಣ್ಣಗೆ ಹತ್ತುತ್ತದೆ. ಶುಗರ್ ಪರೀಕ್ಷಿಸಲು ದಿನಕ್ಕೆ ನಾಲ್ಕು ಸ್ಟ್ರಿಪ್, ಒಂದಕ್ಕೆ ಇಪ್ಪತ್ತು ರೂಪಾಯಿ, ತಿಂಗಳಿಗೆ 2,400 ಅದಕ್ಕೇ ಹೋಗುತ್ತದೆ. ಕೈ ಖಾಲಿಯಾದ ತಿಂಗಳು ಗುಂಪಿನವರೇ ಡಬ್ಬಿ ಕಳುಹಿಸಿದ್ದಾರೆ. ಅಂಥ ಫೋನನ್ನು ನಾನು ಬೈಯಲಾರೆ.

ಕುವೆಂಪುನಗರ, ಮೈಸೂರು:
ಎಲ್ಲರೂ ಹೆದರಿಸುತ್ತಿದ್ದೀರಿ. ನಾನು ಗುಳಿಗೆ ಬಿಟ್ಟವನು, ಚೆನ್ನಾಗಿಯೇ ಇದ್ದೇನೆ. ರಕ್ತ ಪರೀಕ್ಷೆಯಲ್ಲಿ ಶುಗರ್‌ನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8.1 ಇದ್ದದ್ದು ಒಂಬತ್ತು ತಿಂಗಳಲ್ಲಿ 5.9ಕ್ಕೆ ಬಂತು. 84 ಕೆ.ಜಿ. ಇದ್ದವನು 69ಕ್ಕೆ ಇಳಿದೆ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು, ರಾತ್ರಿ ಏಳಕ್ಕೆ ಊಟ ಮುಗಿಯಬೇಕು, ಅನ್ನ ಒಂದೇ ಸೌಟು. ನನಗೆ ದಾರಿ ತೋರಿಸಿದ್ದು ಯೂಟ್ಯೂಬ್. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಊಟ ಬಿಗಿಮಾಡಿ ತೂಕ ಇಳಿಸಲು ಹೊರಟವರಲ್ಲಿ ಶೇಕಡಾ 46ರಷ್ಟು ಜನರ ಶುಗರ್ ಒಂದು ವರ್ಷದ ಹೊತ್ತಿಗೆ ಗುಳಿಗೆಯಿಲ್ಲದೆ ಹತೋಟಿಗೆ ಬಂದಿತ್ತು. ನನ್ನ ಅನುಭವದ ವಿಡಿಯೊವನ್ನು ಇಪ್ಪತ್ತು ಸಾವಿರ ಜನ ನೋಡಿದ್ದಾರೆ.

ಟೈಪ್ 1 ಮಗುವಿನ ತಾಯಿ, ನಾಗಮಂಗಲ:
ಅಣ್ಣಾ, ಗುಳಿಗೆ ನೀವಾಗಿಯೇ ಬಿಟ್ಟಿರೋ, ಡಾಕ್ಟರು ಬಿಡಿಸಿದರೋ?

ಕುವೆಂಪುನಗರ, ಮೈಸೂರು:
ಡಾಕ್ಟರು ಮೂರು ಸಲ ಡೋಸ್ ತಗ್ಗಿಸಿ ಆಮೇಲೆ ನಿಲ್ಲಿಸಿದರು. ವಿಡಿಯೊದಲ್ಲಿ ಅದನ್ನೂ ಹೇಳಿದ್ದೇನೆ.

ಟೈಪ್ 1 ಮಗುವಿನ ತಾಯಿ, ನಾಗಮಂಗಲ:
ಎಷ್ಟನೆಯ ನಿಮಿಷದಲ್ಲಿ? ತಲೆಬರಹದಲ್ಲಿ "ಶುಗರ್‌ಗೆ ಗುಳಿಗೆ ಬೇಡ" ಎಂದಷ್ಟೇ ಬರೆದಿದ್ದೀರಿ, ಈಗ ಹೋಗಿ ನೋಡಿ ಬಂದೆ. ನಮ್ಮ ಅತ್ತೆಗೆ ಓದಲು ಬರುವುದು ತಲೆಬರಹವೊಂದೇ. ಯಾವ ಶುಗರ್, ಯಾರ ಶುಗರ್ ಎಂದು ಅವರಿಗೆ ಹೇಗೆ ತಿಳಿಯಬೇಕು? ಆ ಅಧ್ಯಯನದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರನ್ನು ಸೇರಿಸಿಯೇ ಇರಲಿಲ್ಲ, ಅದನ್ನೂ ಬರೆಯಿರಿ.

ಕುವೆಂಪುನಗರ, ಮೈಸೂರು:
ನಾನು ಯಾರ ಮಗುವಿಗೂ ಸೂಜಿ ಬಿಡಿಸಿಲ್ಲ. ಕಷ್ಟಪಟ್ಟು ಗೆದ್ದವನಿಗೆ ಅದನ್ನು ಹೇಳಿಕೊಳ್ಳುವ ಹಕ್ಕಿಲ್ಲವೇ?

ಕೆ.ಆರ್. ಪೇಟೆ ರೈತ:
ನಿಮಗೆ ಕೆರೆ ಏರಿಯಿದೆ, ಪಿಂಚಣಿಯಿದೆ, ತಿಂಗಳಿಗೊಮ್ಮೆ ಡಾಕ್ಟರಿದ್ದಾರೆ. ನಮ್ಮಪ್ಪನಿಗೆ ಇದ್ದದ್ದು ನಿಮ್ಮಂಥವರ ತಲೆಬರಹ. ಅದಕ್ಕೇ ಹೇಳುವುದು.

ಆಲೆಮನೆ ನಡೆಸುವವನು, ಪಾಂಡವಪುರ:
ಇದರಲ್ಲಿ ನನ್ನದೂ ಒಂದು ಪಾಲಿದೆ, ಹೇಳಿಕೊಳ್ಳಬೇಕು. "ಸಾವಯವ ಬೆಲ್ಲ ತಿಂದರೆ ಶುಗರ್ ಏರುವುದಿಲ್ಲ" ಎಂಬ ಚಿತ್ರ ಎರಡು ವರ್ಷದ ಹಿಂದೆ ಎಲ್ಲ ಗುಂಪುಗಳಲ್ಲೂ ಓಡಾಡಿತು. ನಾನೂ ಅದನ್ನೇ ದೊಡ್ಡದಾಗಿ ಬರೆಸಿ ಹೆದ್ದಾರಿ ಪಕ್ಕದ ಅಂಗಡಿಗೆ ತಗುಲಿಸಿದೆ. ಬೆಂಗಳೂರಿನ ಕಾರುಗಳು ನಿಂತು ಐದೈದು ಕೆ.ಜಿ. ಒಯ್ದವು. ಆ ವರ್ಷ ಕೊಪ್ಪರಿಗೆ ಬದಲಿಸಿದೆ, 90,000 ಆಯಿತು, ಒಲೆಯ ಇಟ್ಟಿಗೆ ಕೆಲಸಕ್ಕೆ ಇನ್ನೊಂದು 35,000. ಆಮೇಲೆ ನನಗೇ ಶುಗರ್ ಬಂತು. ಪಾಕ ಹದ ನೋಡಲು ದಿನಕ್ಕೆ ಹತ್ತು ಸಲ ಬಾಯಿಗೆ ಹಾಕಿಕೊಳ್ಳುವವನು ನಾನು. ಬೆಲ್ಲವೂ ಹೆಚ್ಚುಕಡಿಮೆ ಸಕ್ಕರೆಯಷ್ಟೇ ಏರಿಸುತ್ತದೆ ಎಂದು ಡಾಕ್ಟರು ಹೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಆ ಬೋರ್ಡ್ ನೋಡಿ ಎಷ್ಟು ಜನ ಒಯ್ದರೋ.

ಕೆ.ಆರ್. ಪೇಟೆ ರೈತ:
ಬೋರ್ಡ್ ತೆಗೆದಿರಾ?

ಆಲೆಮನೆ ನಡೆಸುವವನು, ಪಾಂಡವಪುರ:
ತೆಗೆಯಬೇಕು. ಅಂಗಡಿ ತಮ್ಮನ ಹೆಸರಿನಲ್ಲಿದೆ, ಅವನು ಒಪ್ಪುತ್ತಿಲ್ಲ.

ಕೆ.ಆರ್. ಪೇಟೆ ರೈತ:
ಹಾಗಾದರೆ ನಿಮಗೂ ಆ ಪುಡಿ ಮಾರಿದವನಿಗೂ ಏನು ವ್ಯತ್ಯಾಸ? ಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವವರು, ಕಬ್ಬಿನ ಹಾಲಿಗೆ ಸಕ್ಕರೆ ಬೆರೆಸುವವರು ಸಾವಯವ ಎಂದು ಬರೆಸುತ್ತೀರಿ.

ಆಲೆಮನೆ ನಡೆಸುವವನು, ಪಾಂಡವಪುರ:
ನನ್ನ ಆಲೆಮನೆಗೆ ಬಂದು ನೋಡಿ ಮಾತಾಡಿ. ಹನ್ನೆರಡು ವರ್ಷದಿಂದ ಹೈಡ್ರೋಸ್ ಮುಟ್ಟಿಲ್ಲ, ಸುಣ್ಣ ಮತ್ತು ಬೆಂಡೆಗಿಡದ ಲೋಳೆಯಲ್ಲೇ ಮಡ್ಡಿ ತೆಗೆಯುತ್ತೇನೆ. ಬೆಲ್ಲ ಕಪ್ಪಗಿದೆ ಎಂದು ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ನಾನೂರು ರೂಪಾಯಿ ಕಡಿಮೆ ಕೂಗುತ್ತಾರೆ, ಆ ನಷ್ಟ ಹೊತ್ತುಕೊಂಡೇ ಮಾಡುತ್ತಿದ್ದೇನೆ. ಇನ್ನೊಬ್ಬರ ಕಳ್ಳತನವನ್ನು ನನ್ನ ತಲೆಗೆ ಕಟ್ಟಬೇಡಿ.

ಆಶಾ ಕಾರ್ಯಕರ್ತೆ, ಮದ್ದೂರು ತಾಲ್ಲೂಕು:
ಬೆಲ್ಲದ ಜಗಳ ಸ್ವಲ್ಪ ನಿಲ್ಲಿಸಿ, ಆ ಮಗಳು ಕಾಯುತ್ತಿದ್ದಾಳೆ.

2017ರ ಫೆಬ್ರುವರಿಯಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದೆವು. ಚುಚ್ಚಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ವಾಟ್ಸಾಪ್‌ನಲ್ಲಿ ಬಂತು. ಆಗ ನಮ್ಮೂರಿನಲ್ಲಿ ಅಂಥ ಫೋನ್ ಇದ್ದದ್ದು ಹದಿನೈದು ಮನೆಯಲ್ಲಿ. ಸುದ್ದಿ ಮಾತ್ರ ಸಂಜೆಯೊಳಗೆ ಇನ್ನೂರು ಮನೆ ಮುಟ್ಟಿತ್ತು, ನೀರಿನ ಟ್ಯಾಂಕಿನ ಹತ್ತಿರ ಬಾಯಿಂದ ಬಾಯಿಗೆ. ಮರುದಿನ ಶಾಲೆಯಲ್ಲಿ ಅರ್ಧ ಬೆಂಚು ಖಾಲಿ. ನಾನು ಅವರ ಮುಂದೆಯೇ ನನ್ನ ಮಗಳಿಗೆ ಮೊದಲು ಹಾಕಿಸಿದೆ. ಅವಳು ಅತ್ತಳು, ಒಬ್ಬ ಅಜ್ಜಿ ನನ್ನನ್ನು ಕಟುಕಿ ಎಂದಳು. ಮೂರನೆಯ ದಿನ ಅದೇ ಅಜ್ಜಿ ಮೊಮ್ಮಗನನ್ನು ಕರೆತಂದಳು.

ಹಲವು ಸಲ ಫಾರ್ವರ್ಡ್ ಆದದ್ದಕ್ಕೆ ಎರಡು ಬಾಣದ ಗುರುತು ಇರುತ್ತದೆ, ಅದನ್ನು ನಂಬಬೇಡಿ ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಹಳ್ಳಿಯಲ್ಲಿ ಅದು ನಡೆಯುವುದಿಲ್ಲ. ಸಂಘದ ಯಾರೋ ಅಕ್ಕ ಅದನ್ನೇ ತನ್ನ ದನಿಯಲ್ಲಿ ಮತ್ತೆ ಹೇಳಿ ಕಳುಹಿಸುತ್ತಾಳೆ, ಬಾಣ ಮಾಯವಾಗುತ್ತದೆ. "ಊಟ ಆಯಿತಾ" ಎಂದು ದಿನಾ ಕೇಳುವ ದನಿ ಅದು, ನಂಬದೆ ಏನು ಮಾಡುತ್ತಾರೆ? ನಾನೂ ಹಾಗೆಯೇ ಮಾಡುತ್ತೇನೆ. ರಾತ್ರಿ ಎಂಟಕ್ಕೆ ಊರಿನ ಗುಂಪಿಗೆ ನನ್ನ ದನಿಯಲ್ಲಿ ಎರಡು ನಿಮಿಷ ಮಾತಾಡುತ್ತೇನೆ. ಮೊಬೈಲಿಗೆ ಕರೆನ್ಸಿ ನನ್ನ ಗೌರವಧನದಿಂದಲೇ.

ಅವ್ವನ ಕಿಡ್ನಿ ಭಯಕ್ಕೆ ಬುಡ ಇಲ್ಲದಿಲ್ಲ. ಕಿಡ್ನಿ ಮೊದಲೇ ಕೆಟ್ಟಿದ್ದರೆ ಮೆಟ್‌ಫಾರ್ಮಿನ್ ಎಂಬ ಶುಗರ್ ಗುಳಿಗೆಯನ್ನು ತಗ್ಗಿಸುತ್ತಾರೆ, ತೀರಾ ಕೆಟ್ಟಿದ್ದರೆ ನಿಲ್ಲಿಸುತ್ತಾರೆ. ಅದನ್ನೇ ಯಾರೋ ಗುಳಿಗೆ ಕಿಡ್ನಿ ತಿನ್ನುತ್ತದೆ ಎಂದು ತಿರುಚಿದ್ದಾರೆ. ಕಿಡ್ನಿ ಕೆಡಿಸುವುದು ಏರಿದ ಸಕ್ಕರೆ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಡಾಕ್ಟರು ಆ ಅಂಕಿಯನ್ನು ಅವ್ವನಿಗೇ ತೋರಿಸಿ ಹೇಳಲಿ. 268 ಇರುವಾಗ ಹದಿನೈದು ದಿನ ಕಾಯಬೇಡಿ, ಈ ವಾರವೇ ಕರೆದುಕೊಂಡು ಹೋಗಿ.

ಆಟೋ ಚಾಲಕ, ಮೈಸೂರು:
ಭಯಕ್ಕೂ ಇದೇ ಕಥೆ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಮೊಬೈಲಿನ ತುಂಬ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲು. ನಾನೂ ನಿಂತೆ, ಮೂರು ದಿನದ ಬಾಡಿಗೆ ಹೋಯಿತು. ಇಸಿಜಿ ಸರಿಯಿತ್ತು, ಬಿಪಿ 170. ಆ ಭಯ ಹುಟ್ಟದಿದ್ದರೆ ನನಗೆ ಬಿಪಿ ಇರುವುದು ತಿಳಿಯುತ್ತಲೇ ಇರಲಿಲ್ಲ.

ಮಂಡ್ಯ ನಗರದವರು:
ನಿಜವಾದ ರೋಗಿಗಳು ಆ ಸಾಲಿನ ಹಿಂದೆ ಬಿದ್ದರಲ್ಲ. ಸರ್ಕಾರದ ತಜ್ಞರ ಸಮಿತಿ ಸಾವು ದಿಢೀರನೆ ಏರಿಲ್ಲ ಎಂದೇ ವರದಿ ಕೊಟ್ಟಿತು. ಬಿಪಿಯನ್ನು ನಿಮ್ಮ ಬಡಾವಣೆಯ ಸರ್ಕಾರಿ 'ನಮ್ಮ ಕ್ಲಿನಿಕ್‌'ನಲ್ಲೇ ನೋಡಿಸಬಹುದಿತ್ತು.

ಆಟೋ ಚಾಲಕ, ಮೈಸೂರು:
ಎಲ್ಲರಿಗೂ ಎಲ್ಲಿಗೆ ಹೋಗಬೇಕಿತ್ತು ಎಂದು ಆಮೇಲೆ ಹೇಳುತ್ತೀರಿ. ಮೊದಲು ಹೇಳಿದವರು ಯಾರು?

ಮಳವಳ್ಳಿ ಕಡೆಯ ಮಗಳು:
ಗುರುವಾರ ರಜೆ ಹಾಕಿ ಹೋದೆ. ಕ್ರಿಯಾಟಿನಿನ್ 0.8 ಬಂತು, ಸರಿಯಾಗಿಯೇ ಇದೆ. ಡಾಕ್ಟರು ಚೀಟಿಯಲ್ಲಿ ಆ ಅಂಕಿಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಅವ್ವನ ಕೈಗೇ ಕೊಟ್ಟರು. ಅವ್ವ ಬಸ್ಸಿನಲ್ಲಿ ಕೂತು ಅದರ ಫೋಟೊ ತೆಗೆದು ಗುಂಪಿಗೆ ಹಾಕಿದಳು. ಬೆಳಗಿನ ಗುಳಿಗೆ ಶುರು ಮಾಡಿದ್ದಾಳೆ. ರಾತ್ರಿಯದನ್ನು ಇನ್ನೂ ನುಂಗುತ್ತಿಲ್ಲ, ಹಾಗಲಕಾಯಿ ರಸ ಬಿಟ್ಟಿಲ್ಲ. ದಿನಾ ಎಂಟಕ್ಕೆ ನಾನು ದನಿ ಕಳುಹಿಸುತ್ತಿದ್ದೇನೆ ಅಕ್ಕಾ, ಊಟದ ಮಾತು ಮೊದಲು, ಗುಳಿಗೆಯ ಮಾತು ಆಮೇಲೆ.

ಕೆ.ಆರ್. ಪೇಟೆ ರೈತ:
ಅವ್ವನ ಕಾಲು ನೋಡಿ ತಾಯಿ. ಬೆರಳ ಸಂದಿ, ಅಂಗಾಲು, ವಾರಕ್ಕೊಮ್ಮೆಯಾದರೂ ಬೆಳಕಿನಲ್ಲಿ ಹಿಡಿದು ನೋಡಿ.

ಆಲೆಮನೆ ನಡೆಸುವವನು, ಪಾಂಡವಪುರ:
ತಮ್ಮನ ಜೊತೆ ಮಾತು ಬಿಟ್ಟು ಬೋರ್ಡ್ ನಾನೇ ಇಳಿಸಿದೆ. ಕೆ.ಆರ್. ಪೇಟೆಯವರೇ, ಹೈಡ್ರೋಸ್ ಎಂದದ್ದನ್ನು ಹಿಂತೆಗೆದುಕೊಳ್ಳಿ.

ಕೆ.ಆರ್. ಪೇಟೆ ರೈತ:
ಬೋರ್ಡ್ ಇಳಿಸಿದ್ದಕ್ಕೆ ಕೈ ಮುಗಿಯುತ್ತೇನೆ. ಹೈಡ್ರೋಸ್ ಮಾತು ನಿಮ್ಮ ಆಲೆಮನೆ ನೋಡಿದ ಮೇಲೆ.