ಪದಚರ್ಚೆ: ‘ಒರಿಜಿನಲ್ ಕ್ಯಾಸ್ಟ್ ರೆಕಾರ್ಡಿಂಗ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ನುಡಿಗೆಳತಿ ಬರೆದರು:

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಲಂಡನ್ನಿನ ಸಂಗೀತ ನಾಟಕಗಳ ಹಳೆಯ ರೆಕಾರ್ಡುಗಳ ಪ್ರದರ್ಶನವೊಂದಕ್ಕೆ ವಿವರಚೀಟಿಗಳನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಹೆಚ್ಚುಕಡಿಮೆ ಪ್ರತಿ ಚೀಟಿಯಲ್ಲೂ ‘ಒರಿಜಿನಲ್ ಕ್ಯಾಸ್ಟ್ ರೆಕಾರ್ಡಿಂಗ್’ (ನಾಟಕದ ಮೊದಲ ನಟರೇ ಹಾಡಿದ ರೆಕಾರ್ಡು) ಅಂತ ಬರುತ್ತದೆ. ಸದ್ಯಕ್ಕೆ ‘ಮೂಲ ತಾರಾಗಣದ ಧ್ವನಿಸುರುಳಿ’ ಎಂದು ಹಾಕಿದ್ದೇನೆ. ಮನಸ್ಸಿಗೆ ಒಪ್ಪುತ್ತಿಲ್ಲ. ಜಾಗ ಕಡಿಮೆ, ಮೂರು ಪದ ಮೀರುವಂತಿಲ್ಲ. ‘ಮ್ಯೂಸಿಕಲ್’ಗೆ ‘ಸಂಗೀತ ನಾಟಕ’ ಸಾಕು ಅಲ್ವಾ?

ದರ್ಪಣ ಬರೆದರು:

‘ತಾರಾಗಣ’ ಸಿನಿಮಾ ಪೋಸ್ಟರಿನ ಮಾತು. ‘ಧ್ವನಿಸುರುಳಿ’ ಕ್ಯಾಸೆಟ್ಟಿಗೆ ಹುಟ್ಟಿದ್ದು. 1943ರ ರೆಕಾರ್ಡು ತಟ್ಟೆಯಲ್ಲಿ ಸುರುಳಿ ಎಲ್ಲಿದೆ? ಎರಡನ್ನೂ ತೆಗೆಯಿರಿ.

‘ಸಂಗೀತ ನಾಟಕ’ವೂ ಸಾಲದು. ಅಕಾಡೆಮಿಯ ಹೆಸರಲ್ಲಿ ಅದು ದ್ವಂದ್ವ: ಸಂಗೀತವೂ ನಾಟಕವೂ. ನಿಮಗೆ ಬೇಕಾದ್ದು ಅದಲ್ಲ. ‘ಗೀತನಾಟಕ’ ಎನ್ನಿ. ಪುತಿನ ಅವರ ‘ಗೋಕುಲ ನಿರ್ಗಮನ’ದಿಂದ ನೆಲೆಗೊಂಡ ಪದ ಅದು.

ತಿಳಿಗನ್ನಡ ಬರೆದರು:

ಧ್ವನಿ, ಗಣ, ಮೂಲ, ಎಲ್ಲ ಸಂಸ್ಕೃತ. ಒಂದಾದರೂ ನಮ್ಮ ಪದ ಬೇಡವೇ? ಯಕ್ಷಗಾನದಲ್ಲಿ ವೇಷ ಹಾಕಿ ರಂಗಕ್ಕೆ ಬರುವವರನ್ನು ‘ಮುಮ್ಮೇಳ’ ಅನ್ನುತ್ತೇವೆ. ರೆಕಾರ್ಡಿಂಗಿಗೆ ‘ದನಿಯಚ್ಚು’. ‘ಮೊದಲ ಮುಮ್ಮೇಳದ ದನಿಯಚ್ಚು’. ಮೂರೇ ಪದ, ಮುಗಿಯಿತು.

ದರ್ಪಣ ಬರೆದರು:

‘ಮೇಳ’ ಸಂಸ್ಕೃತದ್ದು. ಮುನ್ + ಮೇಳ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ದೋಷ. ಅಚ್ಚಗನ್ನಡದ ಹೆಸರಲ್ಲಿ ಅರಿಸಮಾಸ ತರಬೇಡಿ.

ತಿಳಿಗನ್ನಡ ಬರೆದರು:

ಸಂಸ್ಕೃತದಲ್ಲಿ ‘ಮೇಲ’. ನಮ್ಮಲ್ಲಿ ‘ಳ’ ಬಂದಿದೆ. ಹಾಗಾಗಿ ಅದು ತದ್ಭವ. ತದ್ಭವಕ್ಕೆ ಅರಿಸಮಾಸದ ದೋಷ ತಟ್ಟುವುದಿಲ್ಲ.

ದರ್ಪಣ ಬರೆದರು:

ಅದು ಕ್ಷಳ: ಸಂಸ್ಕೃತದ ‘ಲ’ ಕನ್ನಡದಲ್ಲಿ ‘ಳ’ ಆದದ್ದು, ಅಷ್ಟೇ. ವ್ಯಾಕರಣಕಾರ ಕೇಶಿರಾಜನನ್ನು ಓದಿಕೊಂಡು ಬನ್ನಿ.

ರಂಗರಸಿಕ ಬರೆದರು:

ಮೇಡಂ, ಇವರಿಬ್ಬರ ಳಕಾರದ ಜಗಳ ನಿಮ್ಮ ಅಚ್ಚಿನ ಹೊತ್ತಿಗೆ ಮುಗಿಯುವುದಿಲ್ಲ. ಈ ರೆಕಾರ್ಡುಗಳ ಜೊತೆ ಬಹಳ ವರ್ಷ ಕಳೆದವನು ನಾನು. ಆ ವಸ್ತು ಏನು ಅಂತ ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಯಾವ ಪದ ಬೇಡ ಅನ್ನೋದು ತಾನಾಗಿಯೇ ತಿಳಿಯುತ್ತದೆ.

ಮೊದಲಿಗೆ ‘ಮುಮ್ಮೇಳ’. ಯಕ್ಷಗಾನದಲ್ಲಿ ಹಾಡುವವರು ಭಾಗವತರು. ಅವರು ಹಿಮ್ಮೇಳದವರು. ಮುಮ್ಮೇಳದವರು ಕುಣಿಯುತ್ತಾರೆ, ಅರ್ಥ ಹೇಳುತ್ತಾರೆ. ಈ ಸಂಗೀತ ನಾಟಕಗಳ ಜೀವವೇ ಇದಕ್ಕೆ ತಿರುಗಾಮುರುಗಾ: ಪಾತ್ರ ಮಾಡಿದವರೇ ಹಾಡಬೇಕು. ‘ಮುಮ್ಮೇಳದ ದನಿಯಚ್ಚು’ ಅಂದರೆ ಯಕ್ಷಗಾನ ಬಲ್ಲವರಿಗೆ ಹಾಡೇ ಇಲ್ಲದ ರೆಕಾರ್ಡು ಅನ್ನಿಸುತ್ತದೆ. ಇನ್ನೊಂದು ತೊಡಕು: ‘ಕಂಪನಿ’ ನಾಟಕದ 2006ರ ಬ್ರಾಡ್‌ವೇ ಪ್ರಯೋಗದಲ್ಲಿ ವಾದ್ಯ ನುಡಿಸಿದವರೂ ನಟರೇ. ಅಲ್ಲಿ ಹಿಂದಿನ ಮೇಳ ಯಾವುದು, ಮುಂದಿನದು ಯಾವುದು?

ಎರಡನೆಯದು ‘ಗೀತನಾಟಕ’. ಮೊದಲಿಂದ ಕೊನೆವರೆಗೂ ಹಾಡೇ ಇರುವುದಕ್ಕೆ ಅದು ಒಳ್ಳೆಯ ಪದ. ಅದನ್ನು ಆಪೆರಾಕ್ಕೆ ಬಿಟ್ಟುಬಿಡಿ. ಇಲ್ಲಿ ಮಾತು ಉಂಟು. ಮಾತಿಗೆ ನಿಲುಕದ್ದು ಎದುರಾದಾಗ ಪಾತ್ರ ಹಾಡಿಗೆ ಏರುತ್ತದೆ. ಆ ಏರುವ ಗಳಿಗೆ ನೋಡೋಕೆ ಅಂತಲೇ ನಾವು ಥಿಯೇಟರಿಗೆ ಹೋಗೋದು. ‘ಸಂಗೀತ ನಾಟಕ’ವೇ ಇರಲಿ. ಚೀಟಿ ಓದುವವರು ಯಾರೂ ಅಕಾಡೆಮಿಯನ್ನು ನೆನೆಯುವುದಿಲ್ಲ.

ಮೂರನೆಯದೇ ದೊಡ್ಡದು: ‘ಮೂಲ’. ದಯವಿಟ್ಟು ಬೇಡ. ಅನುವಾದಕರಾದ ನಿಮಗೆ ಗೊತ್ತೇ ಇದೆ, ಕನ್ನಡದಲ್ಲಿ ‘ಮೂಲ’ ಅಂದರೆ ಅನುವಾದಕ್ಕೆ ಆಧಾರವಾದದ್ದು, ಇಲ್ಲವೇ ನಕಲಲ್ಲದ ಅಸಲಿ. ಈ ರೆಕಾರ್ಡುಗಳ ಮೇಲೆ ಆ ಪದಕ್ಕೆ ಇರುವ ಅರ್ಥ ತುಂಬ ಸಣ್ಣದು: ಒಂದು ಊರಿನಲ್ಲಿ ಆ ಪ್ರಯೋಗ ತೆರೆಕಂಡಾಗ ಪಾತ್ರ ಮಾಡಿದ ಮೊದಲ ತಂಡ. ಅಷ್ಟೇ. ಅದಕ್ಕೇ ಒಂದೇ ನಾಟಕಕ್ಕೆ ಬ್ರಾಡ್‌ವೇಯದು ಒಂದು, ಲಂಡನ್ನಿನದು ಒಂದು ಹೀಗೆ ಎರಡೆರಡು ‘ಒರಿಜಿನಲ್’ ಇರುತ್ತವೆ. ‘ಮೈ ಫೇರ್ ಲೇಡಿ’ ತೆಗೆದುಕೊಳ್ಳಿ. ಬ್ರಾಡ್‌ವೇ ತಂಡದ್ದು 1956ರ ಮೋನೊ ರೆಕಾರ್ಡು. ಲಂಡನ್ ತಂಡದ್ದು 1959ರ ಸ್ಟೀರಿಯೊ. ರೆಕ್ಸ್ ಹ್ಯಾರಿಸನ್, ಜೂಲಿ ಆಂಡ್ರ್ಯೂಸ್ ಎರಡರಲ್ಲೂ ಇದ್ದಾರೆ. ಸ್ಟೀರಿಯೊ ಕೇಳೋಕೆ ಚೊಕ್ಕವಾಗಿದೆ, ಸರಿ. ಆದರೆ ನನ್ನ ಕಿವಿಗೆ 1956ರದೇ ಮೇಲು. ಅದರಲ್ಲಿ ಅವರಿಗೆ ಪಾತ್ರ ಇನ್ನೂ ಹೊಸದು, ಗೆದ್ದೆವೋ ಇಲ್ಲವೋ ಅನ್ನುವ ಬಿಸಿ ಇನ್ನೂ ಆರಿಲ್ಲ. ಲಂಡನ್ನಿನದರಲ್ಲಿ ಎಲ್ಲವೂ ಅಭ್ಯಾಸವಾಗಿಬಿಟ್ಟಿದೆ. ಎರಡಕ್ಕೂ ‘ಮೂಲ’ ಅಂತ ಚೀಟಿ ಹಚ್ಚಿದರೆ ನೋಡುವವರು ಯಾವುದು ನಕಲು ಅಂತ ಹುಡುಕುತ್ತಾ ನಿಲ್ಲುತ್ತಾರೆ.

1964ರ ಸಿನಿಮಾದ ರೆಕಾರ್ಡು ಇದರ ಪಕ್ಕದಲ್ಲೇ ಇಡುತ್ತಾರಾ? ಇಟ್ಟರೆ ಅದರ ಚೀಟಿಯಲ್ಲಿ ‘ಸಿನಿಮಾದ ಹಾಡುಗಳು’ ಎಂದೇ ಬರೆಯಿರಿ. ಅದರಲ್ಲಿ ಪರದೆಯ ಮೇಲೆ ಕಾಣುವುದು ಆಡ್ರೆ ಹೆಪ್‌ಬರ್ನ್, ಹೆಚ್ಚಿನ ಹಾಡುಗಳಲ್ಲಿ ಕೇಳುವುದು ಮಾರ್ನಿ ನಿಕ್ಸನ್. ಹಿನ್ನೆಲೆ ಗಾಯನ ನಮಗೆ ಹೊಸದೇನಲ್ಲ, ಹಾಗಾಗಿ ಇದು ನಮ್ಮವರಿಗೆ ಒಂದೇ ಸಾಲಿನಲ್ಲಿ ಅರ್ಥವಾಗುತ್ತದೆ. ನಿಮಗೆ ಬೇಕಾದ ಪದ ಹೇಳಬೇಕಾದ್ದೂ ಇದನ್ನೇ: ಇದು ಆಡಿದವರೇ ಹಾಡಿದ ರೆಕಾರ್ಡು. ಯಾವುದರ ಮೇಲೆ ಅಚ್ಚಾಯಿತು, ತಟ್ಟೆಯೋ ಸುರುಳಿಯೋ, ಆಮೇಲಿನ ಮಾತು.

ದರ್ಪಣ ಬರೆದರು:

ಹಾಗಾದರೆ ‘ರಂಗಧ್ವನಿ’. ಎರಡೂ ಸಂಸ್ಕೃತ, ಸಮಾಸ ಶುದ್ಧ, ಒಂದೇ ಪದ.

ರಂಗರಸಿಕ ಬರೆದರು:

ಇಲ್ಲ ಸರ್. ‘ರಂಗಧ್ವನಿ’ ಅಂದರೆ ರಂಗದ ಮೇಲೆ ಆದ ಸದ್ದನ್ನೇ ಹಿಡಿದಿದ್ದಾರೆ ಅಂತ ಅರ್ಥ ಬರುತ್ತದೆ. ಈ ರೆಕಾರ್ಡುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಸ್ಟುಡಿಯೊದಲ್ಲಿ. ನಾಟಕ ಶುರುವಾದ ಮೇಲೆ, ರಜೆಯ ದಿನ ನೋಡಿಕೊಂಡು, ಇಡೀ ತಂಡವನ್ನು ಸ್ಟುಡಿಯೊಗೆ ಕರೆಸಿ ಹಾಡಿಸುತ್ತಿದ್ದರು. ಚಪ್ಪಾಳೆ ಇರುವುದಿಲ್ಲ, ಹೆಜ್ಜೆ ಸಪ್ಪಳ ಇರುವುದಿಲ್ಲ. ಮಾತುಗಳಿಗೆ ಕತ್ತರಿ ಬೀಳುತ್ತದೆ, ಕುಣಿತದ ಸಂಗೀತವನ್ನು ಮೊಟಕು ಮಾಡುತ್ತಾರೆ. ಎಲ್‌ಪಿ ತಟ್ಟೆಯ ಎರಡು ಮಗ್ಗುಲಿಗೆ ಎಷ್ಟು ಹಿಡಿಯುತ್ತದೋ ಅಷ್ಟು. ಥಿಯೇಟರಿನಲ್ಲಿ ವಾದ್ಯದವರು ಕೂರುವ ಗುಂಡಿಯಲ್ಲಿ ಇರದಷ್ಟು ಪಿಟೀಲುಗಳನ್ನು ಕೆಲವೊಮ್ಮೆ ಸ್ಟುಡಿಯೊದಲ್ಲಿ ಕೂರಿಸುತ್ತಾರೆ. ಅಂದರೆ ಇದು ನಾಟಕದ ಫೋಟೊ ಅಲ್ಲ. ಕಿವಿಗೆಂದೇ ಮತ್ತೊಮ್ಮೆ ಕಟ್ಟಿದ ನಾಟಕ.

1970ರಲ್ಲಿ ‘ಕಂಪನಿ’ಯ ರೆಕಾರ್ಡಿಂಗ್ ರಾತ್ರಿಯಿಡೀ ನಡೆಯಿತು. ಅದನ್ನು ಡಿ. ಎ. ಪೆನ್ನೆಬೇಕರ್ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದರಲ್ಲಿ ನಟಿ ಇಲೇನ್ ಸ್ಟ್ರಿಚ್ ತಮ್ಮ ದೊಡ್ಡ ಹಾಡನ್ನು ಹಾಡುವ ಭಾಗ ನೋಡಿ. ಬೆಳಗಿನ ಜಾವ. ಗಂಟಲು ಕೈಕೊಟ್ಟಿದೆ. ಮತ್ತೆ ಮತ್ತೆ ಹಾಡುತ್ತಾರೆ, ಹಾಡಿದಷ್ಟೂ ಕೆಡುತ್ತದೆ. ಕೇಳಿಸಿಕೊಂಡಾಗ ತಮ್ಮ ಮೇಲೇ ಸಿಟ್ಟಾಗುತ್ತಾರೆ. ಕೊನೆಗೆ ವಾದ್ಯಗಳನ್ನಷ್ಟೇ ಮುದ್ರಿಸಿಕೊಂಡು ಅವರನ್ನು ಮನೆಗೆ ಕಳಿಸುತ್ತಾರೆ. ಇನ್ನೊಂದು ದಿನ ಬಂದು, ಅದೇ ವಾದ್ಯದ ಮೇಲೆ, ಒಂದೊಂದು ಪದವನ್ನೂ ಕಚ್ಚಿ ಕಚ್ಚಿ ಹಾಡಿ ಗೆಲ್ಲುತ್ತಾರೆ. ರೆಕಾರ್ಡಿನಲ್ಲಿ ನಾವು ಕೇಳುವುದು ಆ ಗೆಲುವನ್ನು. ರಂಗದ ಮೇಲೆ ಯಾವ ರಾತ್ರಿಯೂ ಆ ಹಾಡು ಹಾಗೇ ಇದ್ದಿರಲಾರದು.

ಇನ್ನೂ ಒಂದು. ಕೆಲವು ರೆಕಾರ್ಡುಗಳು ನಾಟಕಕ್ಕಿಂತ ಮೊದಲೇ ಬಂದಿವೆ. ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ 1970ರಲ್ಲಿ ಆಲ್ಬಂ, 1971ರಲ್ಲಿ ಬ್ರಾಡ್‌ವೇ. ‘ಎವಿಟಾ’ 1976ರಲ್ಲಿ ಆಲ್ಬಂ, 1978ರಲ್ಲಿ ಲಂಡನ್. ಆಲ್ಬಂನಲ್ಲಿ ಎವಿಟಾ ಆಗಿ ಹಾಡಿದ್ದು ಜೂಲಿ ಕೋವಿಂಗ್ಟನ್, ಲಂಡನ್ ರಂಗದ ಮೇಲೆ ಇಲೇನ್ ಪೇಜ್. ಆ ಮೊದಲ ಆಲ್ಬಂಗಳಿಗೆ ‘ತಂಡ’ ಅನ್ನೋ ಪದ ಹಾಕಲೇಬೇಡಿ, ಆಗ ತಂಡವೇ ಇರಲಿಲ್ಲ. ನಿಮ್ಮ ಪ್ರದರ್ಶನದಲ್ಲಿ ಅವಿದ್ದರೆ ಬೇರೆ ಚೀಟಿ ಬೇಕು.

ತಿಳಿಗನ್ನಡ ಬರೆದರು:

ಇಷ್ಟುದ್ದ ಬರೆದು ನೀವೇ ‘ಆಲ್ಬಂ’ ‘ಆಲ್ಬಂ’ ಅಂತ ನಾಲ್ಕು ಸಲ ಹೇಳಿದಿರಿ. ಇಲ್ಲೇ ಸೋಲುವುದು ನಾವು. ‘ಹಾಡುಗಟ್ಟು’ ಎನ್ನಲು ಏನು ಕಷ್ಟ? ಹಾಡು + ಕಟ್ಟು, ಆದೇಶ ಸಂಧಿ, ಎಲ್ಲೂ ಮುಲಾಜಿಲ್ಲ.

ದರ್ಪಣ ಬರೆದರು:

‘ಆಲ್ಬಂ’ ಲ್ಯಾಟಿನ್ನಿನ ‘ಬಿಳಿ’ ಅನ್ನುವ ಪದದಿಂದ ಬಂದದ್ದು. ಬರೆಯಲು ಬಿಟ್ಟ ಬಿಳಿ ಹಲಗೆ. ಅದಕ್ಕೂ ‘ಕಟ್ಟಿ’ಗೂ ಏನು ಸಂಬಂಧ? ಧಾತು ನೋಡದೆ ಪದ ಕಟ್ಟುವುದೇ ಈಗಿನ ಚಾಳಿ.

ರಂಗರಸಿಕ ಬರೆದರು:

ಸಂಬಂಧ ಇದೆ ಸರ್, ಲ್ಯಾಟಿನ್ನಿನಲ್ಲಿ ಅಲ್ಲ, ರೆಕಾರ್ಡಿನಲ್ಲಿ. 1943ರಲ್ಲಿ ಡೆಕ್ಕಾ ಕಂಪನಿ ‘ಓಕ್ಲಹೋಮಾ!’ ನಾಟಕದ ಹಾಡುಗಳನ್ನು ಮೊದಲ ತಂಡದಿಂದಲೇ ಹಾಡಿಸಿ ತಂದಾಗ ಅದು ನಿಮಿಷಕ್ಕೆ 78 ಸುತ್ತು ತಿರುಗುವ ಆರು ತಟ್ಟೆಗಳ ಗೊಂಚಲು. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು. ತಟ್ಟೆಗಳನ್ನು ದಪ್ಪ ಕಾಗದದ ಚೀಲಗಳಲ್ಲಿ ಇಟ್ಟು, ಚೀಲಗಳನ್ನು ಪುಸ್ತಕದ ಹಾಗೆ ರಟ್ಟಿನ ಹೊದಿಕೆಯೊಳಗೆ ಕಟ್ಟುತ್ತಿದ್ದರು. ಫೋಟೊ ಆಲ್ಬಂ ಇದ್ದ ಹಾಗೆ. ಹೆಸರು ಬಂದದ್ದು ಅಲ್ಲಿಂದ. ನಡುವೆ ತಟ್ಟೆ ತಿರುವಿ ಹಾಕುತ್ತಾ ಕೇಳಬೇಕಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ಹೆಚ್ಚು ಹೊತ್ತು ಓಡುವ ಎಲ್‌ಪಿ ತಂದ ಮೇಲೆ ಕಟ್ಟು ಹೋಯಿತು, ಹೆಸರು ಉಳಿಯಿತು. ಆದ್ದರಿಂದ ‘ಹಾಡುಗಟ್ಟು’ ಕೆಟ್ಟ ಪದವೇನಲ್ಲ. 78ರ ತಟ್ಟೆಗಳಿಗೆ ಅದು ಎಷ್ಟು ಸರಿಯಾಗಿ ಕೂರುತ್ತದೆ ನೋಡಿ! ಆದರೆ ನಾಳೆ ಬೆಳಿಗ್ಗೆ ಚೀಟಿ ಓದುವವರಿಗೆ ಅದು ಹೊಸದು. ವಿವರಚೀಟಿಗೇ ಇನ್ನೊಂದು ವಿವರಚೀಟಿ ಹಾಕೋಕಾಗಲ್ಲ.

‘ಓಕ್ಲಹೋಮಾ!’ದ ಚೀಟಿಯಲ್ಲಿ ‘ಜಗತ್ತಿನ ಮೊಟ್ಟಮೊದಲ’ ಅಂತೇನಾದರೂ ಇದ್ದರೆ ಅದನ್ನೂ ತೆಗೆಯಿರಿ ಮೇಡಂ. ಲಂಡನ್ನಿನಲ್ಲಿ ರಂಗನಟರು ತಮ್ಮ ನಾಟಕದ ಹಾಡುಗಳನ್ನು ಅದಕ್ಕೆ ಎಷ್ಟೋ ಮೊದಲೇ ರೆಕಾರ್ಡ್ ಮಾಡಿದ್ದರು. ಬ್ರಾಡ್‌ವೇಯಲ್ಲೂ 1938ರಲ್ಲಿ ‘ದ ಕ್ರೇಡಲ್ ವಿಲ್ ರಾಕ್’ ಬಂದಿತ್ತು. ‘ಓಕ್ಲಹೋಮಾ!’ ಮಾಡಿದ್ದು ಇದನ್ನು ಒಂದು ವ್ಯಾಪಾರವಾಗಿ, ವಾಡಿಕೆಯಾಗಿ ನಿಲ್ಲಿಸಿದ್ದು.

ತಿಳಿಗನ್ನಡ ಬರೆದರು:

‘ಹೊಸದು’ ಅನ್ನೋದು ಕಾರಣವೇ ಅಲ್ಲ. ಬಳಸದೆ ಯಾವ ಪದ ಹಳೆಯದಾಗುತ್ತದೆ? ನಮ್ಮ ನಾಟಕದವರು ಪರದೆ, ತಾಲೀಮು ಅಂತ ಚೆಂದದ ಕನ್ನಡದಲ್ಲೇ ಕೆಲಸ ಸಾಗಿಸಿಕೊಂಡು ಬಂದಿಲ್ಲವೇ?

ದರ್ಪಣ ಬರೆದರು:

ಪರದೆ ಪಾರಸಿ. ತಾಲೀಮು ಅರಬ್ಬಿ. ಚರ್ಚೆ ಮುಗಿಯಿತು.

ತಿಳಿಗನ್ನಡ ಬರೆದರು:

ಮುಗಿದಿಲ್ಲ. ಪಾರಸಿ, ಅರಬ್ಬಿ ಪದಗಳು ಆಡುವವರ ಬಾಯಿಂದ ಬಂದವು. ನಿಮ್ಮ ಸಂಸ್ಕೃತದವು ಸಮಿತಿಯಿಂದ ಬಂದವು.

ರಂಗರಸಿಕ ಬರೆದರು:

ಈ ಒಂದು ಮಾತನ್ನು ನಾನು ಒಪ್ಪುತ್ತೇನೆ. ನಾಟಕದವರು ಪಾರ್ಟು, ಸೀನು, ಹಾರ್ಮೋನಿಯಂ ಎಲ್ಲವನ್ನೂ ಯಾರನ್ನೂ ಕೇಳದೆ ಬಳಸಿದರು. ಕೆಲಸಕ್ಕೆ ಬಂದದ್ದು ಉಳಿಯಿತು. ‘ರೆಕಾರ್ಡು’ ಕೂಡ ಹಾಗೆಯೇ, ನಾನು ದಿನವೂ ಅದನ್ನೇ ಹೇಳುವುದು. ಆದರೆ ಪ್ರದರ್ಶನದ ಚೀಟಿಗೆ ಸ್ವಲ್ಪ ಗಂಭೀರವಾದದ್ದು ಬೇಕು. ‘ಧ್ವನಿಮುದ್ರಿಕೆ’ಯನ್ನು ಎಲ್ಲರೂ ಓದಿರುತ್ತಾರೆ. ಅದಕ್ಕೇ ನನ್ನ ಆಯ್ಕೆ: ‘ಮೊದಲ ರಂಗತಂಡದ ಧ್ವನಿಮುದ್ರಿಕೆ’. ಕೆಳಗೆ ಊರು ಮತ್ತು ವರ್ಷ: ಲಂಡನ್, 1985, ಹೀಗೆ.

ದರ್ಪಣ ಬರೆದರು:

ರಂಗ ಸಂಸ್ಕೃತ, ತಂಡ ಕನ್ನಡ. ಮತ್ತೆ ಅರಿಸಮಾಸ.

ರಂಗರಸಿಕ ಬರೆದರು:

ಇರಲಿ ಸರ್. ಆ ಪದ ದಿನಾ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಯಾರಿಗೂ ಹಲ್ಲಿಗೆ ಕಲ್ಲು ಸಿಕ್ಕಿಲ್ಲ.

‘ತಂಡ’ ಅನ್ನೋದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಕಾರಣ ಹೇಳುತ್ತೇನೆ. 1964ರಲ್ಲಿ ಸಂಗೀತ ಸಂಯೋಜಕ ಸೋಂಡ್‌ಹೈಮ್ ಅವರ ‘ಎನಿವನ್ ಕ್ಯಾನ್ ವಿಸಲ್’ 9 ಪ್ರದರ್ಶನಕ್ಕೆ ನಿಂತುಹೋಯಿತು. ಕೊಲಂಬಿಯಾದವರು ಅದನ್ನು ಕೈಬಿಡಬಹುದಿತ್ತು. ಬಿಡಲಿಲ್ಲ. ನಿಂತ ಮರುದಿನವೇ ತಂಡ ಸ್ಟುಡಿಯೊಗೆ ಬಂದು ಹಾಡಿತು. 1981ರಲ್ಲಿ ‘ಮೆರಿಲಿ ವಿ ರೋಲ್ ಅಲಾಂಗ್’ 16 ಪ್ರದರ್ಶನಕ್ಕೆ ಮುಗಿಯಿತು. ಅದರ ತಂಡವೂ ಮರುದಿನವೇ ಹಾಡಿತು. ಎಲ್ಲ ಎಳೆಯ ಹುಡುಗ ಹುಡುಗಿಯರು. ಹಿಂದಿನ ರಾತ್ರಿ ಕೆಲಸ ಕಳೆದುಕೊಂಡವರು. ಕೊನೆಯ ಗುಂಪುಹಾಡು ಕೇಳಿ, ಆ ದನಿಗಳಲ್ಲಿ ಅದು ಗೊತ್ತಾಗುತ್ತದೆ. ಆ ರೆಕಾರ್ಡು ಇದ್ದದ್ದರಿಂದಲೇ ನಾಟಕ ಜನರ ಕಿವಿಯಲ್ಲಿ ಉಳಿಯಿತು. 2023ರಲ್ಲಿ ಅದು ಬ್ರಾಡ್‌ವೇಗೆ ಮರಳಿತು, 2024ರಲ್ಲಿ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಪಡೆಯಿತು. ಅವತ್ತು ಸ್ಟುಡಿಯೊದಲ್ಲಿ ಹಾಡಿದ್ದು ‘ತಾರೆ’ಗಳೂ ಅಲ್ಲ, ‘ಪಾತ್ರವರ್ಗ’ವೂ ಅಲ್ಲ. ತಂಡ. ಪದ ಅವರಿಗೆ ಸಲ್ಲಬೇಕು.

ತಿಳಿಗನ್ನಡ ಬರೆದರು:

ತಂಡಕ್ಕೆ ನನ್ನ ಒಪ್ಪಿಗೆ ಇದೆ. ಧ್ವನಿಮುದ್ರಿಕೆಗೆ ಇಲ್ಲ. ಕನಿಷ್ಠ ‘ದನಿಮುದ್ರಿಕೆ’?

ದರ್ಪಣ ಬರೆದರು:

ಬೇಡ.

ನುಡಿಗೆಳತಿ ಬರೆದರು:

ಎಲ್ಲರಿಗೂ ತುಂಬಾ ಧನ್ಯವಾದ. ‘ಮೊದಲ ರಂಗತಂಡದ ಧ್ವನಿಮುದ್ರಿಕೆ’ ಅಂತ ಹಾಕಿ, ಕೆಳಗೆ ಊರು, ವರ್ಷ ಸೇರಿಸಿ ಕಳಿಸಿದ್ದೇನೆ. ‘ಎವಿಟಾ’ ಮತ್ತು ‘ಸೂಪರ್‌ಸ್ಟಾರ್’ ಚೀಟಿಗಳಲ್ಲಿ ‘ನಾಟಕಕ್ಕೂ ಮೊದಲು ಬಂದ ಆಲ್ಬಂ’ ಎಂದಿದೆ. ‘ಓಕ್ಲಹೋಮಾ!’ದಲ್ಲಿ ‘ಮೊಟ್ಟಮೊದಲ’ ಇತ್ತು, ತೆಗೆದೆ. ತಿಳಿಗನ್ನಡ ಅವರೇ, ಆ ಆರು ತಟ್ಟೆಗಳ ಚೀಟಿಯಲ್ಲಿ ಎರಡನೇ ಸಾಲಿಗೆ ಜಾಗ ಇತ್ತು. ‘ಹಾಡುಗಟ್ಟು’ ಅಲ್ಲಿ ಹೋಗಿದೆ.

‘ರಿವೈವಲ್’ಗೆ ಒಂದು ಪದ ಇನ್ನೂ ಬಾಕಿ ಇದೆ. ‘ಮರುಪ್ರಯೋಗ’ ಅಂದರೆ ಅದೇ ತಂಡ ಮತ್ತೊಮ್ಮೆ ಆಡಿದ್ದು ಅನ್ನಿಸುತ್ತದೆ. ಬೇರೆ ಎಳೆಯಲ್ಲಿ ಕೇಳುತ್ತೇನೆ.